ಜೆಫ್ರಿ ಇಂಗ್ರಾಮ್ ಟೇಲರ್

ಸರ್ ಜೆಫ್ರಿ ಇಂಗ್ರಾಮ್ ಟೇಲರ್ (7 ಮಾರ್ಚ್ 1886 – 27 ಜೂನ್ 1975) ಇಂಗ್ಲೆಂಡಿನ ಭೌತವಿಜ್ಞಾನಿ ಮತ್ತು ಅನ್ವಯಿಕ ಗಣಿತಜ್ಞ. ದ್ರವ ಹಾಗೂ ಅನಿಲಗಳ ಹರಿವು, ವಾತಾವರಣದ ಪ್ರಕ್ಷುಬ್ಧತೆ, ಲೋಹಗಳ ವಿರೂಪಣೆ ಮತ್ತು ಸ್ಫೋಟದ ಅಲೆಗಳ ಕುರಿತು ಇವರು ನಡೆಸಿದ ಸಂಶೋಧನೆಗಳು ಇಪ್ಪತ್ತನೆಯ ಶತಮಾನದ ಯಂತ್ರವಿಜ್ಞಾನಕ್ಕೆ ತಳಹದಿಯಾದವು. ವಿಜ್ಞಾನಿಗಳ ವಲಯದಲ್ಲಿ ಇವರು ಜಿ. ಐ. ಟೇಲರ್ ಎಂದೇ ಪ್ರಸಿದ್ಧರು. ಜೀವನದುದ್ದಕ್ಕೂ ಹಾಯಿದೋಣಿಯ ಹವ್ಯಾಸಿ ನಾವಿಕರಾಗಿದ್ದ ಟೇಲರ್ ಅವರು 1933ರಲ್ಲಿ ನೇಗಿಲಿನ ಆಕಾರದ ಹೊಸ ಬಗೆಯ ಲಂಗರನ್ನು ರೂಪಿಸಿ ಪೇಟೆಂಟ್ ಪಡೆದರು. ಸಿ.ಕ್ಯೂ.ಆರ್. ಎಂಬ ಹೆಸರಿನ ಈ ಲಂಗರು ಸಣ್ಣ ದೋಣಿಗಳನ್ನು ಕಡಲಿನಲ್ಲಿ ನಿಲ್ಲಿಸುವ ವಿಧಾನವನ್ನೇ ಬದಲಿಸಿತು.

ಜನನ ಮತ್ತು ಕುಟುಂಬ

ಟೇಲರ್ ಅವರು ಲಂಡನ್ನಿನ ಸೇಂಟ್ ಜಾನ್ಸ್ ವುಡ್‌ನಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಇಂಗ್ರಾಮ್ ಟೇಲರ್ ಚಿತ್ರಕಲಾವಿದರು. ತಾಯಿ ಮಾರ್ಗರೆಟ್ ಅವರು ಬೂಲಿಯನ್ ಬೀಜಗಣಿತದ ಜನಕ ಜಾರ್ಜ್ ಬೂಲ್ ಅವರ ಮಗಳು. ತಾಯಿಯ ಸಹೋದರಿಯರಲ್ಲಿ ಅಲಿಷಿಯಾ ಬೂಲ್ ಸ್ಟಾಟ್ ನಾಲ್ಕು ಆಯಾಮಗಳ ರೇಖಾಗಣಿತದಲ್ಲಿ ಹೆಸರು ಮಾಡಿದವರು. ಎಥೆಲ್ ಲಿಲಿಯನ್ ವಾಯ್ನಿಚ್ ಕಾದಂಬರಿಗಾರ್ತಿ. ಅಜ್ಜಿ ಮೇರಿ ಎವರೆಸ್ಟ್ ಬೂಲ್ ಅವರು ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಸೋದರನ ಮಗಳು. ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಇಟ್ಟಿರುವುದು ಇದೇ ಎವರೆಸ್ಟ್ ಅವರ ಹೆಸರು.

ಬಾಲ್ಯದಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕ್ರಿಸ್‌ಮಸ್ ಉಪನ್ಯಾಸಗಳನ್ನು ಕೇಳಿದ್ದು ಟೇಲರ್ ಅವರಲ್ಲಿ ವಿಜ್ಞಾನದ ಆಸಕ್ತಿಯನ್ನು ಮೂಡಿಸಿತು. ದೋಣಿಯ ಒಲವೂ ಆ ವಯಸ್ಸಿನದೇ. ಶಾಲಾ ದಿನಗಳಲ್ಲಿಯೇ ಅವರು ತಮ್ಮ ಮಲಗುವ ಕೋಣೆಯಲ್ಲಿ ಪುಟ್ಟ ಹಾಯಿದೋಣಿಯೊಂದನ್ನು ಕಟ್ಟಿ ಥೇಮ್ಸ್ ನದಿಯಲ್ಲಿ ತೇಲಿಸಿದ್ದರು.

ವಿದ್ಯಾಭ್ಯಾಸ ಮತ್ತು ಆರಂಭಿಕ ಸಂಶೋಧನೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಸ್ಕೂಲ್‌ನಲ್ಲಿ ಓದಿದ ಬಳಿಕ 1905ರಲ್ಲಿ ಟೇಲರ್ ಅವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿ ಗಣಿತ ಮತ್ತು ಭೌತವಿಜ್ಞಾನವನ್ನು ಅಧ್ಯಯನ ಮಾಡಿದರು. ಅವರ ಮೊದಲ ಸಂಶೋಧನಾ ಪ್ರಬಂಧ 1909ರಲ್ಲಿ ಪ್ರಕಟವಾಯಿತು. ಅತ್ಯಂತ ಕ್ಷೀಣವಾದ ಬೆಳಕು ಸೂಜಿಯೊಂದರ ಸುತ್ತ ಹಾದುಹೋದಾಗಲೂ ವ್ಯತಿಕರಣದ ಪಟ್ಟಿಗಳು ಮೂಡುತ್ತವೆಯೇ ಎಂಬುದನ್ನು ಅವರು ತಂದೆತಾಯಿಗಳ ಮನೆಯಲ್ಲಿಯೇ ಪರೀಕ್ಷಿಸಿದರು. ಇದರಲ್ಲಿ ಅತಿ ದೀರ್ಘವಾದ ಛಾಯಾಗ್ರಹಣಕ್ಕೆ ಸುಮಾರು 2000 ಗಂಟೆಗಳು, ಅಂದರೆ ಹೆಚ್ಚುಕಡಿಮೆ ಮೂರು ತಿಂಗಳು ಬೇಕಾದವು. ಫಲಕದ ಮೇಲೆ ಬೆಳಕು ಬೀಳುತ್ತಿದ್ದ ಕಾಲದಲ್ಲಿ ಟೇಲರ್ ಅವರು ಹಾಯಿದೋಣಿಯಲ್ಲಿ ವಿಹರಿಸಲು ಹೋಗಿದ್ದರೆಂಬ ಸಂಗತಿ ಅವರ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆಘಾತ ತರಂಗಗಳ ರಚನೆಯನ್ನು ಕುರಿತ ಮುಂದಿನ ಅಧ್ಯಯನಕ್ಕೆ ಕೇಂಬ್ರಿಜ್‌ನ ಸ್ಮಿತ್ ಬಹುಮಾನ ದೊರೆಯಿತು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿದ ನಂತರ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಹಿಮಗಡ್ಡೆಗಳ ಮೇಲೆ ಕಣ್ಣಿಡಲು ಸ್ಕೋಷಿಯಾ ಎಂಬ ಹಳೆಯ ಮರದ ಹಡಗನ್ನು ಕಳುಹಿಸಲಾಯಿತು. 1913ರಲ್ಲಿ ಟೇಲರ್ ಅವರು ಅದರಲ್ಲಿ ಹವಾಮಾನ ತಜ್ಞರಾಗಿ ಸಂಚರಿಸಿ, ಹಡಗಿನಿಂದ ಗಾಳಿಪಟಗಳನ್ನು ಹಾರಿಸಿ ಬೇರೆ ಬೇರೆ ಎತ್ತರಗಳಲ್ಲಿ ಉಷ್ಣತೆ ಮತ್ತು ತೇವಾಂಶವನ್ನು ಅಳೆದರು. ಗಾಳಿಯ ಸುಳಿಗಳು ಶಾಖವನ್ನು ಹೇಗೆ ಸಾಗಿಸುತ್ತವೆ ಎಂಬ ಬಗ್ಗೆ 1915ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ಪ್ರಯಾಣದ ಫಲ.

ವೃತ್ತಿಜೀವನ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟೇಲರ್ ಅವರು ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ವಿಮಾನಗಳ ವಿನ್ಯಾಸಕ್ಕೆ ಸಂಬಂಧಿಸಿದ ಸಂಶೋಧನೆ ನಡೆಸಿದರು. ಹಾರುವ ವಿಮಾನದ ರೆಕ್ಕೆಯ ಮೇಲಿನ ಒತ್ತಡವನ್ನು ಅರಿಯಲು ತಾವೇ ವಿಮಾನ ಚಾಲನೆಯನ್ನು ಕಲಿತರು. ಯುದ್ಧದ ನಂತರ ಟ್ರಿನಿಟಿ ಕಾಲೇಜಿಗೆ ಮರಳಿದರು. 1919ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 1923ರಲ್ಲಿ ಅದೇ ಸಂಸ್ಥೆಯ ಯಾರೋ ಸಂಶೋಧನಾ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಬೋಧನೆಯ ಹೊಣೆಯಿಲ್ಲದ ಈ ಹುದ್ದೆಯಲ್ಲಿ 1952ರವರೆಗೆ ಮುಂದುವರಿದರು. ಕ್ಯಾವೆಂಡಿಷ್ ಪ್ರಯೋಗಾಲಯದ ಕೆಲವು ಕೋಣೆಗಳಲ್ಲಿ ಸರಳವಾದ, ಹೆಚ್ಚು ವೆಚ್ಚವಿಲ್ಲದ ಉಪಕರಣಗಳಿಂದ ಪ್ರಯೋಗಗಳನ್ನು ನಡೆಸುವುದು ಅವರ ಪದ್ಧತಿಯಾಗಿತ್ತು.

ಒಂದರೊಳಗೊಂದು ಇರುವ ಎರಡು ಸಿಲಿಂಡರುಗಳು ತಿರುಗುವಾಗ ಅವುಗಳ ನಡುವಣ ದ್ರವದಲ್ಲಿ ಸುಳಿಗಳು ಯಾವಾಗ ಹುಟ್ಟುತ್ತವೆ ಎಂಬುದನ್ನು 1923ರಲ್ಲಿ ಅವರು ಲೆಕ್ಕಹಾಕಿ ಪ್ರಯೋಗದಿಂದ ತೋರಿಸಿದರು. 1934ರಲ್ಲಿ, ಲೋಹದ ಹರಳುಗಳು ಲೆಕ್ಕಾಚಾರ ಸೂಚಿಸುವುದಕ್ಕಿಂತ ಬಹಳ ಕಡಿಮೆ ಬಲಕ್ಕೆ ಬಾಗುವುದೇಕೆ ಎಂಬುದಕ್ಕೆ ಪರಮಾಣುಗಳ ಜೋಡಣೆಯಲ್ಲಿನ ಸ್ಥಾನಪಲ್ಲಟ ದೋಷಗಳೇ ಕಾರಣವೆಂದು ಪ್ರತಿಪಾದಿಸಿದರು. ಓರೊವಾನ್ ಮತ್ತು ಪೊಲಾನಿ ಅವರೂ ಅದೇ ವರ್ಷ ಸ್ವತಂತ್ರವಾಗಿ ಇದೇ ನಿಲುವಿಗೆ ಬಂದಿದ್ದರು. 1935ರಲ್ಲಿ ಪ್ರಕ್ಷುಬ್ಧ ಹರಿವಿನ ಸಂಖ್ಯಾಶಾಸ್ತ್ರೀಯ ಸಿದ್ಧಾಂತವನ್ನು ಮಂಡಿಸಿದರು.

ನೌಕಾಯಾನ

1925ರಲ್ಲಿ ಟೇಲರ್ ಅವರು ಶಾಲಾ ಶಿಕ್ಷಕಿಯಾಗಿದ್ದ ಸ್ಟೆಫನಿ ರೇವನ್‌ಹಿಲ್ ಅವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಕಡಲಯಾನದಲ್ಲಿ ಆಸಕ್ತರು. ಫ್ರಾಲಿಕ್ ಎಂಬ ಹಾಯಿದೋಣಿಯಲ್ಲಿ ಅವರು ಅನೇಕ ಯಾನಗಳನ್ನು ಕೈಗೊಂಡರು. ಅವುಗಳಲ್ಲಿ ಮುಖ್ಯವಾದುದು 1927ರಲ್ಲಿ ಉತ್ತರ ಧ್ರುವವೃತ್ತದ ಒಳಗಿರುವ ನಾರ್ವೆಯ ಲೊಫೊಟನ್ ದ್ವೀಪಗಳಿಗೆ ನಡೆಸಿದ ಪ್ರಯಾಣ. ಇದಕ್ಕಾಗಿ ರಾಯಲ್ ಕ್ರೂಸಿಂಗ್ ಕ್ಲಬ್ಬಿನ ಚಾಲೆಂಜ್ ಕಪ್ ಅವರಿಗೆ ಸಂದಿತು.

ಇಂತಹ ದೂರದ ಯಾನದಲ್ಲಿ ದೋಣಿ ರಾತ್ರಿಯ ವೇಳೆ ಬಂದರಿಲ್ಲದ ಕೊಲ್ಲಿಗಳಲ್ಲಿ ಲಂಗರು ಹಾಕಿ ನಿಲ್ಲಬೇಕಾಗುತ್ತದೆ. ಎಲ್ಲರೂ ಮಲಗಿರುವಾಗ ಗಾಳಿ ದಿಕ್ಕು ಬದಲಿಸಿ ದಡದ ಕಡೆಗೆ ಬೀಸತೊಡಗಿದರೆ, ದೋಣಿಗೂ ಬಂಡೆಗಳಿಗೂ ನಡುವೆ ಇರುವ ಏಕೈಕ ಆಸರೆ ಕಡಲತಳದಲ್ಲಿ ಹೂತಿರುವ ಲಂಗರು. ಅದು ಜಾರಿದರೆ ಹಾಯಿ ಏರಿಸುವಷ್ಟು ಸಮಯವೂ ಸಿಗದಿರಬಹುದು.

ನೇಗಿಲು ಲಂಗರು

ಹಿನ್ನೆಲೆ

ಟೇಲರ್ ಅವರ ಕಾಲದಲ್ಲಿ ಸಣ್ಣ ದೋಣಿಗಳಲ್ಲಿ ಬಳಕೆಯಲ್ಲಿದ್ದುದು ಶತಮಾನಗಳಿಂದ ಬಂದ ಸಾಂಪ್ರದಾಯಿಕ ಲಂಗರು. ಅದಕ್ಕೆ ಉದ್ದನೆಯ ದಂಡ, ಕೆಳಗೆ ಎರಡು ಬಾಗಿದ ತೋಳುಗಳು, ಮೇಲೆ ತೋಳುಗಳಿಗೆ ಲಂಬವಾದ ಅಡ್ಡಪಟ್ಟಿ ಇರುತ್ತವೆ. ಅಡ್ಡಪಟ್ಟಿಯು ತಳದ ಮೇಲೆ ಮಲಗಿ, ಒಂದು ತೋಳು ಮಣ್ಣಿನೊಳಗೆ ಇಳಿಯುವಂತೆ ಮಾಡುತ್ತದೆ. ಆದರೆ ಇನ್ನೊಂದು ತೋಳು ಮೇಲೆಯೇ ಚಾಚಿ ನಿಲ್ಲುತ್ತದೆ. ಉಬ್ಬರವಿಳಿತಕ್ಕೆ ದೋಣಿ ಸುತ್ತು ಹೊಡೆದಾಗ ಸರಪಳಿಯು ಆ ತೋಳಿಗೆ ತೊಡರಿಕೊಂಡು ಲಂಗರನ್ನೇ ಕಿತ್ತುಬಿಡುವ ಅಪಾಯವಿತ್ತು. ಲೋಹದ ಅರ್ಧಭಾಗ ಮಣ್ಣನ್ನು ಮುಟ್ಟದೆಯೇ ಉಳಿಯುತ್ತಿದ್ದುದರಿಂದ, ಹೆಚ್ಚು ಹಿಡಿತ ಬೇಕಾದರೆ ಹೆಚ್ಚು ತೂಕದ ಲಂಗರನ್ನು ಒಯ್ಯುವುದೊಂದೇ ದಾರಿಯಾಗಿತ್ತು. ನೀರಿನ ಮೇಲಿಳಿಯುವ ವಿಮಾನಗಳಿಗೆ ಅಂತಹ ಭಾರವನ್ನು ಹೊರುವುದು ಸಾಧ್ಯವಿರಲಿಲ್ಲ.

ಟೇಲರ್ ಅವರು ಲಂಗರಿನ ಪ್ರಶ್ನೆಯನ್ನು ತೂಕದ ಪ್ರಶ್ನೆಯಾಗಿ ನೋಡದೆ ಮಣ್ಣಿನ ಯಂತ್ರವಿಜ್ಞಾನದ ಪ್ರಶ್ನೆಯಾಗಿ ನೋಡಿದರು. ಲಂಗರನ್ನು ಹಿಡಿದಿಡುವುದು ಅದರ ಭಾರವಲ್ಲ; ಅದು ಎಷ್ಟು ಆಳಕ್ಕೆ ಇಳಿದಿದೆ ಮತ್ತು ಎಷ್ಟು ಮಣ್ಣು ಅದಕ್ಕೆ ಎದುರೊತ್ತುತ್ತದೆ ಎಂಬುದು. ಎಳೆದಷ್ಟೂ ಒಳಕ್ಕೆ ಇಳಿಯುವ ಆಕಾರ ದೊರೆತರೆ ಹಗುರವಾದ ಲಂಗರೂ ಭಾರವಾದ ಲಂಗರಿಗಿಂತ ಬಲವಾಗಿ ನಿಲ್ಲಬಲ್ಲದು ಎಂಬುದು ಅವರ ಚಿಂತನೆಯ ಸಾರ. ಲಂಗರುಗಳ ಹಿಡಿತದ ಸಾಮರ್ಥ್ಯವನ್ನು ಕುರಿತ ಅವರ ಪ್ರಬಂಧ 1934ರಲ್ಲಿ ಪ್ರಕಟವಾಯಿತು.

ರಚನೆ

ಟೇಲರ್ ಅವರ ಲಂಗರಿನ ತುದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದ ಎರಡು ನೇಗಿಲ ಗುಳಗಳಂತಹ ಭಾಗವಿದೆ. ಹೊಲ ಉಳುವ ನೇಗಿಲನ್ನು ನೆಟ್ಟಗೆ ನಿಲ್ಲಿಸಿ ಆಳವನ್ನು ನಿಯಂತ್ರಿಸಲು ರೈತನ ಕೈ ಮೇಣಿಯ ಮೇಲಿರುತ್ತದೆ. ಕಡಲತಳದಲ್ಲಿ ಅಂತಹ ಕೈಯಿಲ್ಲ. ಲಂಗರು ತನ್ನ ಆಕಾರದ ಬಲದಿಂದಲೇ ನೆಟ್ಟಗಾಗಿ ಕೆಳಗಿಳಿಯಬೇಕು. ಈ ಕಾರಣದಿಂದ ಎರಡೂ ಪಕ್ಕಗಳು ಸಮರೂಪವಾಗಿವೆ. ಯಾವ ಮಗ್ಗುಲಿಗೆ ಬಿದ್ದರೂ ಚೂಪಾದ ತುದಿ ನೆಲವನ್ನು ಮುಟ್ಟುತ್ತದೆ. ಸರಪಳಿ ಎಳೆದಾಗ ತುದಿ ಮಣ್ಣಿಗೆ ನಾಟಿ, ಕೆಳಮಗ್ಗುಲಿನ ಗುಳದ ಮೇಲೆ ಮಣ್ಣು ಹಾಕುವ ಒತ್ತಡ ಲಂಗರನ್ನು ನಿಧಾನವಾಗಿ ತಿರುಗಿಸಿ ನೆಟ್ಟಗೆ ಮಾಡುತ್ತದೆ. ಆಮೇಲೆ ಎರಡೂ ಗುಳಗಳು ಸಮವಾಗಿ ಹೂತುಕೊಳ್ಳುತ್ತವೆ. ಮೇಲೆ ಚಾಚಿ ನಿಲ್ಲುವ ತೋಳಿಲ್ಲದ ಕಾರಣ ಸರಪಳಿ ತೊಡರುವ ಭಯ ಬಹಳಷ್ಟು ಕಡಿಮೆಯಾಯಿತು.

ವಿನ್ಯಾಸದ ಎರಡನೆಯ ಮುಖ್ಯ ಅಂಶ ದಂಡ ಮತ್ತು ಗುಳ ಸೇರುವಲ್ಲಿ ಇರುವ ಕೀಲು. ಲಂಗರು ಹಾಕಿದ ದೋಣಿ ಒಂದೇ ಕಡೆ ನಿಲ್ಲದೆ ಗಾಳಿಗೆ ಅತ್ತಿತ್ತ ಓಲಾಡುತ್ತದೆ. ದಂಡವು ಗುಳಕ್ಕೆ ಬಿಗಿಯಾಗಿ ಸೇರಿದ್ದರೆ ಪ್ರತಿ ಓಲಾಟವೂ ಸನ್ನೆಗೋಲಿನಂತೆ ಗುಳವನ್ನು ತಿರುಚಿ ಸಡಿಲಗೊಳಿಸಬಹುದು. ಕೀಲಿನಿಂದಾಗಿ ದಂಡ ಮಾತ್ರ ಪಕ್ಕಕ್ಕೆ ಹೊರಳಿ, ಹೂತ ಗುಳ ಕದಲದೆ ಉಳಿಯುತ್ತದೆ.

ಹೆಸರು ಮತ್ತು ತಯಾರಿಕೆ

ಟೇಲರ್ ಅವರು ಸ್ನೇಹಿತರಾದ ಡಬ್ಲ್ಯೂ. ಎಸ್. ಫಾರೆನ್ ಮತ್ತು ಜಾರ್ಜ್ ಮೆಕೆರೋ ಅವರೊಡನೆ ಸೇರಿ ಲಂಗರಿನ ತಯಾರಿಕೆಗಾಗಿ ಒಂದು ಸಣ್ಣ ಕಂಪನಿಯನ್ನು ಸ್ಥಾಪಿಸಿದರು. ಭದ್ರ ಎಂಬ ಅರ್ಥದ ಸೆಕ್ಯೂರ್ ಎಂಬ ಇಂಗ್ಲಿಷ್ ಪದವನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಲು ಅವಕಾಶವಿಲ್ಲದ ಕಾರಣ, ಹಾಗೆಯೇ ಕೇಳಿಸುವ ಸಿ.ಕ್ಯೂ.ಆರ್. ಎಂಬ ಮೂರು ಅಕ್ಷರಗಳನ್ನು ಆರಿಸಿಕೊಂಡರು. ಈ ಅಕ್ಷರಗಳಿಗೆ ಬೇರೆ ವಿಸ್ತರಣೆಗಳನ್ನು ಕೊಡುವುದು ನಂತರದ ರೂಢಿ. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಸಣ್ಣ ದೋಣಿಗಳು ಈ ಲಂಗರನ್ನು ಬಳಸಿದವು. ಯುದ್ಧಾನಂತರದ ದಶಕಗಳಲ್ಲಿ ಇದು ದೂರಯಾನದ ಹಾಯಿದೋಣಿಗಳ ಮುಂತುದಿಯಲ್ಲಿ ಎಲ್ಲೆಡೆ ಕಾಣುವ ಲಂಗರಾಯಿತು.

ಹಿಡಿತದ ತತ್ತ್ವ ಮತ್ತು ಬಳಕೆ

ನೇಗಿಲು ಲಂಗರು ತಳವನ್ನು ಕಚ್ಚುವುದು ಎಳೆತ ಅಡ್ಡಲಾಗಿ, ನೆಲಕ್ಕೆ ಸಮಾಂತರವಾಗಿ ಇದ್ದಾಗ ಮಾತ್ರ. ಎಳೆತ ಮೇಲ್ಮುಖವಾದರೆ ದಂಡ ಮೇಲೇಳುತ್ತದೆ, ಗುಳದ ತುದಿ ಮಣ್ಣಿನಿಂದ ಹೊರಬರುತ್ತದೆ. ಹೊರಡುವಾಗ ಲಂಗರನ್ನು ಸುಲಭವಾಗಿ ಕೀಳಲು ನಾವಿಕರು ದೋಣಿಯನ್ನು ಅದರ ನೇರ ಮೇಲಕ್ಕೆ ತಂದು ಎಳೆಯುವುದು ಇದೇ ಕಾರಣದಿಂದ. ಹಿಡಿತಕ್ಕೆ ನೆರವಾಗುವ ಮತ್ತು ಬಿಡುಗಡೆಗೆ ನೆರವಾಗುವ ತತ್ತ್ವ ಒಂದೇ ಆಗಿರುವುದರಿಂದ, ಸಾಕಷ್ಟು ಸರಪಳಿ ಬಿಡದಿದ್ದರೆ ಯಾವ ಲಂಗರೂ ನಿಲ್ಲುವುದಿಲ್ಲ.

ಬಿಡಬೇಕಾದ ಉದ್ದವನ್ನು ದೋಣಿಯ ಮುಂತುದಿಯಿಂದ ಕಡಲತಳದವರೆಗಿನ ಎತ್ತರದ ಇಷ್ಟು ಪಟ್ಟು ಎಂದು ಲೆಕ್ಕಹಾಕಲಾಗುತ್ತದೆ. ಪೂರ್ತಿ ಸರಪಳಿಯಾದರೆ ನಾಲ್ಕರಿಂದ ಐದು ಪಟ್ಟು, ಬಹುಪಾಲು ಹಗ್ಗವಾದರೆ ಏಳು ಪಟ್ಟು ಅಥವಾ ಹೆಚ್ಚು ಎಂಬುದು ರೂಢಿಯ ನಿಯಮ. ನೀರಿನ ಆಳ 5 ಮೀಟರ್, ಮುಂತುದಿಯ ಎತ್ತರ 1 ಮೀಟರ್, ಇನ್ನೂ ಏರಬೇಕಾದ ಉಬ್ಬರ 2 ಮೀಟರ್ ಇದ್ದಲ್ಲಿ ಒಟ್ಟು 8 ಮೀಟರ್ ಆಗುತ್ತದೆ. ಐದು ಪಟ್ಟಿನ ಲೆಕ್ಕದಲ್ಲಿ 40 ಮೀಟರ್ ಸರಪಳಿ ಬೇಕು. ಉಬ್ಬರವನ್ನೂ ಮುಂತುದಿಯ ಎತ್ತರವನ್ನೂ ಮರೆತು 25 ಮೀಟರ್ ಬಿಟ್ಟ ದೋಣಿ ಸಂಜೆ ಭದ್ರವಾಗಿದ್ದು ನಡುರಾತ್ರಿಯ ಭರತದಲ್ಲಿ ಜಾರತೊಡಗಬಹುದು.

ಸೌಮ್ಯವಾದ ಗಾಳಿಯಲ್ಲಿ ಸರಪಳಿಯ ಭಾರವೇ ಅದನ್ನು ಜೋತುಬಿಟ್ಟು ಎಳೆತವನ್ನು ಅಡ್ಡಲಾಗಿ ಇಡುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಬಿರುಗಾಳಿಯಲ್ಲಿ ಸರಪಳಿ ಬಹುತೇಕ ನೇರವಾಗಿ ಬಿಗಿಯುವುದರಿಂದ ಜೋತಿನ ರಕ್ಷಣೆ ಉಳಿಯುವುದಿಲ್ಲ. ಆಗ ನೆರವಾಗುವುದು ಬಿಟ್ಟಿರುವ ಉದ್ದ ಮತ್ತು ಲಂಗರು ಹೂತಿರುವ ಆಳ ಮಾತ್ರ.

ಲಂಗರು ಹೂತುಕೊಳ್ಳಲು ಸ್ವಲ್ಪ ದೂರವೂ ಸಮಯವೂ ಬೇಕು. ಆದುದರಿಂದ ಸರಪಳಿಯನ್ನು ಲಂಗರಿನ ಮೇಲೆಯೇ ರಾಶಿ ಹಾಕದೆ, ದೋಣಿ ಹಿಂದಕ್ಕೆ ಸರಿಯುತ್ತಿರುವಾಗ ತಳದ ಉದ್ದಕ್ಕೂ ಹಾಸುವುದು ಕ್ರಮ. ಬಳಿಕ ಮೊದಲು ಮೆಲ್ಲಗೆ, ಕ್ರಮೇಣ ಬಲವಾಗಿ ಹಿಂದಕ್ಕೆ ಎಳೆಯಬೇಕು. ಆರಂಭದಲ್ಲಿಯೇ ಜಗ್ಗಿದರೆ ಗುಳ ನೆಟ್ಟಗಾಗುವ ಮೊದಲೇ ಮಗ್ಗುಲಲ್ಲಿ ಜಾರುತ್ತ ಹೋಗುತ್ತದೆ. ಲಂಗರು ಕಚ್ಚಿದೆಯೇ ಎಂಬುದನ್ನು ತಿಳಿಯಲು ಹಳೆಯ ಎರಡು ಪರೀಕ್ಷೆಗಳಿವೆ. ಸರಪಳಿಯ ಮೇಲೆ ಕೈಯಿಟ್ಟಾಗ ಅದು ಒಂದೇ ಸಮನೆ ಬಿಗಿಯಾಗಿದ್ದರೆ ಹಿಡಿತ ಸಿಕ್ಕಿದೆ ಎಂದರ್ಥ. ನಡುಗುತ್ತ, ಎಗರುತ್ತ ಇದ್ದರೆ ಲಂಗರು ತಳದ ಮೇಲೆ ಉಜ್ಜುತ್ತ ಸಾಗುತ್ತಿದೆ. ಎರಡನೆಯದಾಗಿ, ದೋಣಿಯ ಪಕ್ಕದ ದಿಕ್ಕಿನಲ್ಲಿ ದಡದ ಮೇಲೆ ಒಂದರ ಹಿಂದೊಂದು ಸಾಲಾಗಿ ಕಾಣುವ ಎರಡು ಸ್ಥಿರ ಗುರುತುಗಳನ್ನು, ಉದಾಹರಣೆಗೆ ಒಂದು ಮರ ಮತ್ತು ಅದರ ಹಿಂದಿನ ಮನೆಯನ್ನು ಗಮನಿಸಬೇಕು. ಎಳೆತದ ನಡುವೆಯೂ ಆ ಸಾಲು ಬದಲಾಗದಿದ್ದರೆ ದೋಣಿ ನಿಂತಿದೆ. ದೂರದ ಒಂದೇ ಗುರುತನ್ನು ನೋಡಿದರೆ ನಿಧಾನವಾದ ಜಾರುವಿಕೆ ಕಣ್ಣಿಗೆ ಬೀಳುವುದಿಲ್ಲ.

ಮಿತಿಗಳು

ನೇಗಿಲು ಲಂಗರು ಎಲ್ಲ ತಳಗಳಿಗೂ ಸಮಾನವಾಗಿ ಒಗ್ಗುವುದಿಲ್ಲ. ಗಟ್ಟಿಯಾದ ಮರಳಿನಲ್ಲಿ ತುದಿ ನಾಟದೆ ಮಗ್ಗುಲಲ್ಲೇ ಜಾರಬಹುದು. ದಟ್ಟವಾದ ಕಡಲಗಿಡಗಳ ಬೇರುಗಳಲ್ಲಿ ಅದು ಕಚ್ಚಿದಂತೆ ತೋರಿ, ಗಾಳಿ ಬಲಿತಾಗ ಗಿಡಗಳ ಸಮೇತ ಕಿತ್ತುಬರಬಹುದು. ಕೀಲು ವರ್ಷಗಳ ಬಳಕೆಯಲ್ಲಿ ಸವೆಯುತ್ತದೆ. 1970ರ ದಶಕದಿಂದೀಚೆಗೆ ಬಂದ ಬ್ರೂಸ್, ಡೆಲ್ಟಾ, ಸ್ಪೇಡ್, ರೋಕ್ನಾ ಮುಂತಾದ ಲಂಗರುಗಳು ಕೀಲಿಲ್ಲದ ದಂಡವನ್ನು ಹೊಂದಿವೆ. ಇವುಗಳಲ್ಲಿ ಇತ್ತೀಚಿನವು ಸಿ.ಕ್ಯೂ.ಆರ್. ಲಂಗರಿಗಿಂತ ಬೇಗ ತಳವನ್ನು ಕಚ್ಚುತ್ತವೆ. ಆದರೆ ತೂಕಕ್ಕಿಂತ ಆಕಾರವೇ ಮುಖ್ಯ, ಲಂಗರು ಎಳೆತದಿಂದಲೇ ಆಳಕ್ಕಿಳಿಯಬೇಕು ಎಂಬ ಟೇಲರ್ ಅವರ ನಿಲುವನ್ನು ಈ ಎಲ್ಲ ವಿನ್ಯಾಸಗಳೂ ಅನುಸರಿಸುತ್ತವೆ.

ಎರಡನೆಯ ಮಹಾಯುದ್ಧ

ಯುದ್ಧದ ವರ್ಷಗಳಲ್ಲಿ ಟೇಲರ್ ಅವರು ನೆಲದ ಮೇಲಿನ ಹಾಗೂ ನೀರಿನೊಳಗಿನ ಸ್ಫೋಟಗಳ ಪರಿಣಾಮವನ್ನು ಕುರಿತು ಬ್ರಿಟಿಷ್ ಸರ್ಕಾರಕ್ಕೆ ಸಲಹೆ ನೀಡಿದರು. ಅಮೆರಿಕದ ಲಾಸ್ ಅಲಾಮಸ್‌ನಲ್ಲಿ ಪರಮಾಣು ಬಾಂಬ್ ಯೋಜನೆಗೆ ಸಲಹೆಗಾರರಾಗಿದ್ದರು. 16 ಜುಲೈ 1945ರಂದು ನಡೆದ ಮೊದಲ ಪರಮಾಣು ಸ್ಫೋಟಕ್ಕೆ ಸಾಕ್ಷಿಯಾಗಿದ್ದರು. ಸ್ಫೋಟದ ಶಕ್ತಿ ಗುಟ್ಟಾಗಿದ್ದರೂ, ಅದರ ಬೆಂಕಿಯುಂಡೆ ಹಿಗ್ಗುವುದನ್ನು ತೋರಿಸುವ ಚಿತ್ರಗಳು 1947ರಲ್ಲಿ ಬಹಿರಂಗವಾದವು. ತಾವು ಮೊದಲೇ ರೂಪಿಸಿದ್ದ ಸೂತ್ರವನ್ನು ಆ ಚಿತ್ರಗಳಲ್ಲಿನ ತ್ರಿಜ್ಯ ಮತ್ತು ಸಮಯಗಳಿಗೆ ಅನ್ವಯಿಸಿದ ಟೇಲರ್ ಅವರು, ಅದರ ಶಕ್ತಿ ಸುಮಾರು 17 ಕಿಲೋಟನ್ ಎಂದು 1950ರಲ್ಲಿ ಪ್ರಕಟಿಸಿದರು.

ಕೊನೆಯ ವರ್ಷಗಳು

1952ರಲ್ಲಿ ನಿವೃತ್ತರಾದ ಮೇಲೂ ಟೇಲರ್ ಅವರ ಸಂಶೋಧನೆ ನಿಲ್ಲಲಿಲ್ಲ. ಸೂಕ್ಷ್ಮಜೀವಿಗಳು ಈಜುವ ಬಗೆ ಮತ್ತು ವಿದ್ಯುತ್ ಕ್ಷೇತ್ರದಲ್ಲಿ ನೀರಹನಿ ಶಂಕುವಿನಾಕಾರ ತಳೆಯುವ ಬಗೆ ಈ ಕಾಲದಲ್ಲಿ ಅವರ ಆಸಕ್ತಿಯ ವಿಷಯಗಳಾಗಿದ್ದವು. ನಿಧಾನಗತಿಯ ಹರಿವುಗಳನ್ನು ವಿವರಿಸುವ ಶೈಕ್ಷಣಿಕ ಚಲನಚಿತ್ರವೊಂದರಲ್ಲಿ ಅವರು ತಾವೇ ಪ್ರಯೋಗಗಳನ್ನು ನಡೆಸಿ ತೋರಿಸಿದರು. ಪತ್ನಿ ಸ್ಟೆಫನಿ 1967ರಲ್ಲಿ ನಿಧನರಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. 1972ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಟೇಲರ್ ಅವರು 27 ಜೂನ್ 1975ರಂದು ಕೇಂಬ್ರಿಜ್‌ನಲ್ಲಿ ನಿಧನ ಹೊಂದಿದರು.

ಗೌರವಗಳು

ರಾಯಲ್ ಸೊಸೈಟಿಯ ರಾಯಲ್ ಪದಕ (1933) ಮತ್ತು ಕಾಪ್ಲಿ ಪದಕ (1944), ನೈಟ್ ಪದವಿ (1944), ಡಿ ಮಾರ್ಗನ್ ಪದಕ (1956), ಟಿಮೊಶೆಂಕೊ ಪದಕ (1958), ಆರ್ಡರ್ ಆಫ್ ಮೆರಿಟ್ (1969) ಇವರಿಗೆ ಸಂದ ಪ್ರಮುಖ ಗೌರವಗಳು. ಟೇಲರ್–ಕುವೆಟ್ ಹರಿವು, ರೇಲೀ–ಟೇಲರ್ ಅಸ್ಥಿರತೆ, ಟೇಲರ್ ಶಂಕು ಮುಂತಾದ ಪಾರಿಭಾಷಿಕ ಪದಗಳು ಇವರ ಹೆಸರನ್ನು ಹೊತ್ತಿವೆ. ಶಿಷ್ಯ ಜಾರ್ಜ್ ಬ್ಯಾಚಲರ್ ಅವರು ಟೇಲರ್ ಅವರ ವೈಜ್ಞಾನಿಕ ಪ್ರಬಂಧಗಳನ್ನು ನಾಲ್ಕು ಸಂಪುಟಗಳಲ್ಲಿ ಸಂಪಾದಿಸಿದರು ಹಾಗೂ 1996ರಲ್ಲಿ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಸಿ.ಕ್ಯೂ.ಆರ್. ಲಂಗರಿಗೆ ಮಾತ್ರ ಟೇಲರ್ ಅವರ ಹೆಸರಿಲ್ಲ. ಅದನ್ನು ಬಳಸುವ ನಾವಿಕರಲ್ಲಿ ಅನೇಕರು ಅದರ ಕರ್ತೃ ಯಾರೆಂದು ಅರಿಯರು.